ಜೀಪು ದಾರಿ ಇಳಿದು ಬಂದ ಮೇಲೆ ಸಸ್ಪೆನ್ಷನ್‌ಗೆ ಏನಾಗಿರುತ್ತದೆ? ದುರಸ್ತಿ, ಅಪ್‌ಗ್ರೇಡ್ ಮತ್ತು ಕೆಲವು ತಪ್ಪು ನಂಬಿಕೆಗಳು

ಕೊಡಚಾದ್ರಿಯ ಜೀಪು ದಾರಿಯಲ್ಲೋ ಮಡಿಕೇರಿ ಬಳಿಯ ಮಾಂದಲಪಟ್ಟಿಯ ದಾರಿಯಲ್ಲೋ ಒಮ್ಮೆ ಹೋಗಿ ಬಂದವರಿಗೆ ಕಲ್ಲು, ಕೊರಕಲು, ಕೆಸರು ಎಂದರೇನು ಎಂದು ಬೇರೆ ಹೇಳಬೇಕಾಗಿಲ್ಲ. ಅಲ್ಲಿ ಬಾಡಿಗೆ ಜೀಪುಗಳು ದಿನವೂ ಓಡುತ್ತವೆ. ಈಚಿನ ವರ್ಷಗಳಲ್ಲಿ ಥಾರ್, ಜಿಮ್ನಿ, ಗೂರ್ಖಾದಂತಹ ಫೋರ್ ವ್ಹೀಲ್ ಡ್ರೈವ್ ವಾಹನ ಕೊಂಡು ವಾರದ ಕೊನೆಗೆ ಇಂತಹ ದಾರಿ ಹುಡುಕಿಕೊಂಡು ಹೋಗುವವರೂ ಹೆಚ್ಚಾಗಿದ್ದಾರೆ. ಹೋಗಿ ಬಂದ ಮೇಲೆ ವಾಹನದ ಅಡಿಯಿಂದ 'ಕಟಕಟ' ಸದ್ದು ಶುರುವಾದರೆ ಸಲಹೆಗಳೂ ಶುರುವಾಗುತ್ತವೆ. ಒಬ್ಬರು 'ಪ್ಲೇಟ್ ಒಂದು ಜಾಸ್ತಿ ಹಾಕಿಸಿ' ಎನ್ನುತ್ತಾರೆ, ಇನ್ನೊಬ್ಬರು 'ಎರಡು ಇಂಚು ಎತ್ತರ ಮಾಡಿಸಿ' ಎನ್ನುತ್ತಾರೆ, ಮತ್ತೊಬ್ಬರು 'ಗ್ಯಾಸ್ ಶಾಕಪ್ ಹಾಕಿಸಿದರೆ ಎಲ್ಲ ಸರಿಹೋಗುತ್ತದೆ' ಎನ್ನುತ್ತಾರೆ.

ಇವುಗಳಲ್ಲಿ ಯಾವುದು ನಿಜ, ಯಾವುದು ಅರ್ಧ ನಿಜ? ವಾಹನ ತಿರುವಿನಲ್ಲಿ ಮಗುಚುತ್ತದೆಯೇ, ಬ್ರೇಕ್ ಹಾಕಿದಾಗ ನೇರವಾಗಿ ನಿಲ್ಲುತ್ತದೆಯೇ ಎನ್ನುವುದೂ ಈ ಪ್ರಶ್ನೆಗೆ ಸೇರಿದೆ. ಕಲ್ಲಿನ ದಾರಿಯಲ್ಲಿ ಆದ ಪೆಟ್ಟು ಬಹಳ ಸಲ ಅಲ್ಲೇ ಕಾಣುವುದಿಲ್ಲ. ಮರಳಿ ಬರುವಾಗ ಘಾಟಿಯ ಇಳಿಜಾರಿನಲ್ಲೋ ಹೆದ್ದಾರಿಯ ವೇಗದಲ್ಲೋ ಅದು ತಲೆ ಎತ್ತುತ್ತದೆ. ಹಾಗಾಗಿ ಸಸ್ಪೆನ್ಷನ್ ಹೇಗೆ ಕೆಲಸ ಮಾಡುತ್ತದೆ ಎಂಬಲ್ಲಿಂದ ಆರಂಭಿಸಿ, ಏನನ್ನು ಪರೀಕ್ಷಿಸಬೇಕು, ಏನನ್ನು ಬದಲಿಸಬೇಕು ಎಂದು ನಾವು ಒಂದೊಂದಾಗಿ ನೋಡೋಣ.

ಸಸ್ಪೆನ್ಷನ್ ಮಾಡುವ ಕೆಲಸವೇನು?

ಸಸ್ಪೆನ್ಷನ್ ಇರುವುದು ಪ್ರಯಾಣ ಮೆತ್ತಗಿರಲಿ ಎಂದು ಮಾತ್ರವಲ್ಲ. ಚಕ್ರ ನೆಲ ಬಿಡದಂತೆ ನೋಡಿಕೊಳ್ಳುವುದು ಅದರ ಮುಖ್ಯ ಕೆಲಸ. ಗಾಳಿಯಲ್ಲಿರುವ ಚಕ್ರ ಎಳೆಯುವುದೂ ಇಲ್ಲ, ತಿರುಗಿಸುವುದೂ ಇಲ್ಲ, ಬ್ರೇಕ್ ಹಿಡಿಯುವುದೂ ಇಲ್ಲ.

ಇದರಲ್ಲಿ ಎರಡು ಭಾಗಗಳ ಕೆಲಸವನ್ನು ಜನ ಸಾಮಾನ್ಯವಾಗಿ ಒಂದೇ ಎಂದುಕೊಳ್ಳುತ್ತಾರೆ. ಮೊದಲನೆಯದು ಸ್ಪ್ರಿಂಗ್. ಅದು ವಾಹನದ ಭಾರ ಹೊರುತ್ತದೆ, ಪೆಟ್ಟು ಬಿದ್ದಾಗ ಕುಗ್ಗಿ ಶಕ್ತಿಯನ್ನು ಹಿಡಿದಿಟ್ಟುಕೊಂಡು ಮರಳಿ ಕೊಡುತ್ತದೆ. ಸ್ಪ್ರಿಂಗ್ ಒಂದೇ ಇದ್ದರೆ ವಾಹನ ಹಳ್ಳ ದಾಟಿದ ಮೇಲೂ ತೊಟ್ಟಿಲಿನಂತೆ ತೂಗುತ್ತಲೇ ಇರುತ್ತದೆ. ಎರಡನೆಯದು ಡ್ಯಾಂಪರ್, ಅಂದರೆ ನಾವು ಶಾಕ್ ಅಬ್ಸಾರ್ಬರ್ ಅಥವಾ ಶಾಕಪ್ ಎನ್ನುವುದು. ಅದರೊಳಗಿನ ಪಿಸ್ಟನ್ ಎಣ್ಣೆಯನ್ನು ಸಣ್ಣ ರಂಧ್ರಗಳ ಮೂಲಕ ತಳ್ಳುತ್ತದೆ. ಆ ತಿಕ್ಕಾಟದಲ್ಲಿ ಚಲನೆಯ ಶಕ್ತಿ ಶಾಖವಾಗಿ ಹೊರಹೋಗುತ್ತದೆ. ಹೆಸರಿನಲ್ಲಿ 'ಶಾಕ್' ಇದ್ದರೂ ಪೆಟ್ಟನ್ನು ಮೊದಲು ತಾಳುವುದು ಟೈರ್ ಮತ್ತು ಸ್ಪ್ರಿಂಗ್. ಶಾಕ್ ಅಬ್ಸಾರ್ಬರ್ ತೂಗಾಟವನ್ನು ನಿಲ್ಲಿಸುತ್ತದೆ.

1941ರ ವಿಲ್ಲಿಸ್ ಜೀಪಿಗೆ ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಆ್ಯಕ್ಸಲ್ ಮತ್ತು ಪ್ಲೇಟ್ ಸ್ಪ್ರಿಂಗ್ ಇದ್ದವು. ನಮ್ಮ ಹಳೆಯ ಮಹೀಂದ್ರ ಜೀಪುಗಳು, ಮಾರುತಿ ಜಿಪ್ಸಿ ಅದೇ ದಾರಿ ಹಿಡಿದವು. 2010ರ ಥಾರ್‌ನಲ್ಲಿ ಮುಂದೆ ಟಾರ್ಷನ್ ಬಾರ್, ಹಿಂದೆ ಪ್ಲೇಟ್ ಸ್ಪ್ರಿಂಗ್ ಬಂತು. 2020ರ ಥಾರ್‌ನಲ್ಲಿ ನಾಲ್ಕೂ ಕಡೆ ಕಾಯಿಲ್ ಸ್ಪ್ರಿಂಗ್ ಇದ್ದು, ಮುಂದಿನ ಚಕ್ರಗಳು ಒಂದಕ್ಕೊಂದು ಸಂಬಂಧವಿಲ್ಲದೆ ಏರಿಳಿಯುತ್ತವೆ. 2023ರಲ್ಲಿ ಭಾರತಕ್ಕೆ ಬಂದ ಜಿಮ್ನಿಯಲ್ಲಿ ಕಾಯಿಲ್ ಸ್ಪ್ರಿಂಗ್ ಇದ್ದರೂ ಹಿಂದೆ ಮುಂದೆ ಗಟ್ಟಿ ಆ್ಯಕ್ಸಲ್ ಉಳಿದಿದೆ. ನಿಮ್ಮ ವಾಹನ ಇವುಗಳಲ್ಲಿ ಯಾವ ಬಗೆಯದು ಎಂದು ತಿಳಿಯದೆ ಯಾರ ಸಲಹೆಯನ್ನೂ ಪಾಲಿಸಲಾಗದು. ಒಂದಕ್ಕೆ ಸರಿಯಾದ ಮಾತು ಇನ್ನೊಂದಕ್ಕೆ ತಪ್ಪಾಗಬಹುದು.

ಕಲ್ಲಿನ ದಾರಿ ಏನು ಹಾಳು ಮಾಡುತ್ತದೆ?

ಒಂದು ಸರಳ ಲೆಕ್ಕ ನೋಡೋಣ. 1,800 ಕಿಲೋ ತೂಕದ ವಾಹನ 10 ಸೆಂಟಿಮೀಟರ್ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 1,760 ಜೂಲ್. ಇದೆಲ್ಲ ನಾಲ್ಕು ಶಾಕ್ ಅಬ್ಸಾರ್ಬರ್‌ಗಳಲ್ಲಿ ಸಮನಾಗಿ ಹಂಚಿ ಶಾಖವಾಗುತ್ತದೆ ಎಂದುಕೊಳ್ಳಿ. ಒಂದೊಂದರಲ್ಲಿ 300 ಗ್ರಾಂ ಎಣ್ಣೆ ಇದ್ದರೆ, ಒಂದು ಪೆಟ್ಟಿಗೆ ಅದರ ಉಷ್ಣತೆ ಮುಕ್ಕಾಲು ಡಿಗ್ರಿಯಷ್ಟು ಏರುತ್ತದೆ. ಒಂದು ಪೆಟ್ಟಿಗಾದರೆ ಇದು ಏನೂ ಅಲ್ಲ. ಆದರೆ ಬಿಡುವಿಲ್ಲದೆ ನೂರು ಪೆಟ್ಟು ಬಿದ್ದರೆ? ಲೋಹ ಮತ್ತು ಗಾಳಿ ಒಂದಿಷ್ಟು ಶಾಖವನ್ನು ಸೆಳೆದುಕೊಂಡರೂ ಎಣ್ಣೆ ಕೈಯಿಟ್ಟರೆ ಸುಡುವಷ್ಟು ಕಾಯುತ್ತದೆ. ಕಾದ ಎಣ್ಣೆ ತೆಳುವಾಗುತ್ತದೆ, ಅದರಲ್ಲಿ ನೊರೆ ಏಳುತ್ತದೆ, ಹಿಡಿತ ಕಡಿಮೆಯಾಗುತ್ತದೆ. ಅಲೆಅಲೆಯಾದ ಮಣ್ಣು ರಸ್ತೆಯಲ್ಲಿ ವೇಗವಾಗಿ ಹೋದ ಮೇಲೆ ವಾಹನ ತೇಲಿದಂತೆ ಅನ್ನಿಸಲು ಇದೂ ಒಂದು ಕಾರಣ. ತಣ್ಣಗಾದ ಮೇಲೆ ಹಿಡಿತ ಮರಳಬಹುದು. ಮತ್ತೆ ಮತ್ತೆ ಹೀಗಾದರೆ ಸೀಲ್ ಹಾಳಾಗಿ ಎಣ್ಣೆ ಸೋರುತ್ತದೆ.

ಎರಡನೆಯ ಹಾನಿ ಲೋಹದ ದಣಿವು. ತಂತಿಯೊಂದನ್ನು ಹಿಂದೆ ಮುಂದೆ ಬಗ್ಗಿಸುತ್ತಲೇ ಇದ್ದರೆ ಕೊನೆಗೆ ತುಂಡಾಗುತ್ತದಲ್ಲ, ಅದೇ ರೀತಿ. ಸ್ಪ್ರಿಂಗ್‌ನ ಮೇಲ್ಮೈಯಲ್ಲಿ ಕಲ್ಲು ತಾಗಿದ ಗಾಯವೋ ತುಕ್ಕಿನ ಗುಳಿಯೋ ಇದ್ದರೆ ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ಮಳೆ ಹೆಚ್ಚಿರುವ ಮಲೆನಾಡಿಗೂ ಉಪ್ಪುಗಾಳಿಯ ಕರಾವಳಿಗೂ ಈ ಮಾತು ಹೆಚ್ಚು ಅನ್ವಯಿಸುತ್ತದೆ.

ಮೂರನೆಯದು, ಹೆಚ್ಚು ಜನರ ಕಣ್ಣಿಗೆ ಬೀಳದ ಹಾನಿ: ರಬ್ಬರ್ ಬುಷ್, ಬಾಲ್ ಜಾಯಿಂಟ್, ಟೈ ರಾಡ್ ಎಂಡ್, ಡ್ರೈವ್ ಶಾಫ್ಟ್‌ನ ರಬ್ಬರ್ ಬೂಟ್. ಬೂಟ್ ಸ್ವಲ್ಪ ಹರಿದರೂ ಸಾಕು, ಗ್ರೀಸ್ ಹೊರಹೋಗಿ ಮರಳು ಮತ್ತು ನೀರು ಒಳಸೇರುತ್ತವೆ. ಬೂಟ್ ಬದಲಿಸುವ ಖರ್ಚು ಸಣ್ಣದು. ಬಿಟ್ಟರೆ ಇಡೀ ಜಾಯಿಂಟ್ ಬದಲಿಸಬೇಕಾಗುತ್ತದೆ.

ಮರಳಿ ಬಂದ ಮೇಲೆ ಏನು ಪರೀಕ್ಷಿಸಬೇಕು?

ಮೊದಲ ಕೆಲಸ ತೊಳೆಯುವುದು. ಕೆಸರಿನಡಿ ಬಿರುಕು ಕಾಣುವುದಿಲ್ಲ. ಒಣಗಿದ ಕೆಸರು ತೇವ ಹಿಡಿದಿಟ್ಟು ತುಕ್ಕನ್ನೂ ತರುತ್ತದೆ. ತೊಳೆದ ಮೇಲೆ ಸಮತಟ್ಟು ನೆಲದಲ್ಲಿ ನಿಲ್ಲಿಸಿ ನಾಲ್ಕೂ ಚಕ್ರಗಳ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗಿನ ಎತ್ತರವನ್ನು ಟೇಪಿನಲ್ಲಿ ಅಳೆಯಿರಿ. ಎಡಬಲಗಳ ನಡುವೆ ಎದ್ದು ಕಾಣುವ ವ್ಯತ್ಯಾಸವಿದ್ದರೆ ಸ್ಪ್ರಿಂಗ್ ಕುಸಿದಿದೆ ಅಥವಾ ತುಂಡಾಗಿದೆ ಎಂಬ ಅನುಮಾನ ಬರಬೇಕು. ಬಳಿಕ ಇವನ್ನು ನೋಡಿ:

- ಪ್ಲೇಟ್ ಸ್ಪ್ರಿಂಗ್ ಇದ್ದರೆ: ಯಾವುದಾದರೂ ಪ್ಲೇಟ್ ಕಟ್ ಆಗಿದೆಯೇ, ಪಕ್ಕಕ್ಕೆ ಜಾರಿದೆಯೇ? ಯು ಬೋಲ್ಟ್ ಸಡಿಲವಾಗಿದೆಯೇ? ಯು ಬೋಲ್ಟ್ ಸಡಿಲವಾದರೆ ನಡುವಿನ ಸೆಂಟರ್ ಬೋಲ್ಟ್ ತುಂಡಾಗಿ ಇಡೀ ಆ್ಯಕ್ಸಲ್ ಹಿಂದಕ್ಕೋ ಮುಂದಕ್ಕೋ ಸರಿಯಬಹುದು.
- ಕಾಯಿಲ್ ಸ್ಪ್ರಿಂಗ್ ಇದ್ದರೆ: ಕೆಳಗಿನ ಕೊನೆಯ ಸುತ್ತು ಮುರಿದಿದೆಯೇ? ಅದು ಕೂರುವ ಬಟ್ಟಲಿನೊಳಗೆ ಮುರಿದರೆ ಹೊರಗಿನಿಂದ ಸುಲಭವಾಗಿ ಕಾಣದು.
- ಶಾಕ್ ಅಬ್ಸಾರ್ಬರ್: ಎಣ್ಣೆ ಒಸರುತ್ತಿದೆಯೇ, ಪಿಸ್ಟನ್ ರಾಡ್ ಬಗ್ಗಿದೆಯೇ, ಮೈಗೆ ನಗ್ಗು ಬಿದ್ದಿದೆಯೇ, ಮೇಲಿನ ಕೆಳಗಿನ ಬುಷ್ ಹರಿದಿವೆಯೇ?
- ಬ್ರೇಕ್ ಹೋಸ್ ಮತ್ತು ಪೈಪ್: ಎಲ್ಲಾದರೂ ಉಜ್ಜಿದೆಯೇ, ಎಳೆದು ಬಿಗಿಯಾಗಿದೆಯೇ?
- ಸ್ಟೀರಿಂಗ್: ಟೈ ರಾಡ್ ಬಗ್ಗಿದೆಯೇ? ನೇರ ರಸ್ತೆಯಲ್ಲಿ ವಾಹನ ಒಂದೇ ಕಡೆ ಎಳೆಯುತ್ತದೆಯೇ?
- ನೀರು ದಾಟಿದ್ದರೆ: ಡಿಫರೆನ್ಷಿಯಲ್ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದೆಯೇ? ಹಾಗಾಗಿದ್ದರೆ ನೀರು ಸೇರಿದೆ, ಎಣ್ಣೆ ಬದಲಿಸಲೇಬೇಕು.

ಬ್ರೇಕ್ ಹೋಸ್‌ಗೆ ಗಾಯ, ಬಗ್ಗಿದ ಟೈ ರಾಡ್, ತುಂಡಾದ ಮುಖ್ಯ ಪ್ಲೇಟ್, ಸರಿದ ಆ್ಯಕ್ಸಲ್ – ಈ ನಾಲ್ಕರಲ್ಲಿ ಒಂದು ಕಂಡರೂ ವಾಹನವನ್ನು ಓಡಿಸಿಕೊಂಡು ಗ್ಯಾರೇಜಿಗೆ ಹೋಗಬಾರದು. ಮೆಕ್ಯಾನಿಕ್ ಅನ್ನು ಅಲ್ಲಿಗೇ ಕರೆಸಬೇಕು ಅಥವಾ ಟೋ ಮಾಡಿಸಬೇಕು.

ಮಿಥ್ಯೆ 1: 'ಬಾನೆಟ್ ಒತ್ತಿ ಬಿಟ್ಟರೆ ಶಾಕಪ್ ಸ್ಥಿತಿ ಗೊತ್ತಾಗುತ್ತದೆ'

ಅರ್ಧ ಮಾತ್ರ ನಿಜ. ಒತ್ತಿ ಬಿಟ್ಟಾಗ ವಾಹನ ನಾಲ್ಕೈದು ಸಲ ತೂಗಿದರೆ ಶಾಕ್ ಅಬ್ಸಾರ್ಬರ್ ಸತ್ತಿದೆ ಎಂದು ಹೇಳಬಹುದು. ಆದರೆ ತೂಗದಿದ್ದರೆ ಅದು ಚೆನ್ನಾಗಿದೆ ಎಂದು ಹೇಳಲಾಗದು. ಡ್ಯಾಂಪರ್‌ನ ಬಲ ಪಿಸ್ಟನ್ ಚಲಿಸುವ ವೇಗವನ್ನು ಅವಲಂಬಿಸುತ್ತದೆ. ಕೈಯಿಂದ ಒತ್ತುವ ವೇಗಕ್ಕೂ ಹಳ್ಳಕ್ಕೆ ಬಿದ್ದಾಗಿನ ವೇಗಕ್ಕೂ ಹೋಲಿಕೆಯೇ ಇಲ್ಲ. ಪ್ಲೇಟ್ ಸ್ಪ್ರಿಂಗ್ ಇರುವ ವಾಹನಗಳಲ್ಲಂತೂ ಪ್ಲೇಟುಗಳ ನಡುವಿನ ತಿಕ್ಕಾಟವೇ ತೂಗಾಟವನ್ನು ತಡೆದು ಹಾಳಾದ ಶಾಕಪ್ ಅನ್ನು ಮರೆಮಾಚುತ್ತದೆ. ಟೈರ್ ಅಲ್ಲಲ್ಲಿ ಗುಳಿಗುಳಿಯಾಗಿ ಸವೆದಿದ್ದರೆ, ಬ್ರೇಕ್ ಹಾಕಿದಾಗ ಮೂಗು ಹೆಚ್ಚು ಬಾಗಿದರೆ ಅವು ಇನ್ನೂ ಒಳ್ಳೆಯ ಸುಳಿವುಗಳು.

ಮಿಥ್ಯೆ 2: 'ಹಳೆಯ ಸ್ಪ್ರಿಂಗ್ ಮೆತ್ತಗಾಗಿರುತ್ತದೆ'

ಸ್ಪ್ರಿಂಗ್‌ನ ಬಿಗುವು ಉಕ್ಕಿನ ಗುಣ ಮತ್ತು ಅದರ ಆಕಾರದಿಂದ ಬರುತ್ತದೆ. ತುಕ್ಕು ತಿಂದು ತೆಳುವಾಗದಿದ್ದರೆ ಅಥವಾ ಬಿರುಕು ಬಿಡದಿದ್ದರೆ ವಯಸ್ಸಾದ ಮಾತ್ರಕ್ಕೆ ಅದು ಹೇಳಿಕೊಳ್ಳುವಷ್ಟು ಬದಲಾಗುವುದಿಲ್ಲ. ಆಗುವುದು ಬೇರೆ: ಹೆಚ್ಚು ಭಾರ ಹೊತ್ತು ಹೊತ್ತು ಸ್ಪ್ರಿಂಗ್ ತನ್ನ ಮೂಲ ಎತ್ತರವನ್ನು ಕಳೆದುಕೊಳ್ಳುತ್ತದೆ. ಆಗ ಚಕ್ರ ಮೇಲೇರಲು ಜಾಗ ಕಡಿಮೆಯಾಗಿ, ಸಣ್ಣ ಹಳ್ಳಕ್ಕೂ ಬಂಪ್ ಸ್ಟಾಪ್‌ಗೆ ಬಡಿಯುತ್ತದೆ. ನಮಗೆ 'ಮೆತ್ತಗಾಗಿದೆ' ಅನ್ನಿಸುವುದು ಇದರಿಂದ. ಇದಕ್ಕೆ ಪರಿಹಾರ ಅದೇ ಅಳತೆಯ ಹೊಸ ಸ್ಪ್ರಿಂಗ್. ಇನ್ನೂ ಗಟ್ಟಿಯಾದದ್ದು ಬೇಕಾಗಿಲ್ಲ.

ಪ್ಲೇಟ್ ಕಟ್ ಆದಾಗ ವೆಲ್ಡಿಂಗ್ ಮಾಡಿಸುವ ಅಭ್ಯಾಸವೂ ಅಪಾಯದ್ದೇ. ಸ್ಪ್ರಿಂಗ್ ಉಕ್ಕನ್ನು ಕಾಯಿಸಿ, ತಣಿಸಿ ಹದ ಮಾಡಿರುತ್ತಾರೆ. ವೆಲ್ಡಿಂಗ್ ಶಾಖ ಆ ಹದವನ್ನು ಕೆಡಿಸುತ್ತದೆ, ಪಕ್ಕದ ಭಾಗ ಗಾಜಿನಂತೆ ಪೆಡಸಾಗುತ್ತದೆ. ಅದು ಮತ್ತೆ ಅಲ್ಲೇ ಅಥವಾ ಪಕ್ಕದಲ್ಲೇ ಮುರಿಯುತ್ತದೆ.

ಮಿಥ್ಯೆ 3: 'ಗಟ್ಟಿ ಸ್ಪ್ರಿಂಗ್ ಇದ್ದರೆ ಆಫ್‌ರೋಡ್‌ಗೆ ಒಳ್ಳೆಯದು'

ಬಂಡೆಯ ದಾರಿಯಲ್ಲಿ ಒಂದು ಚಕ್ರ ಮೇಲೇರಿದಾಗ ಇನ್ನೊಂದು ಕೆಳಗಿಳಿದು ನೆಲ ಹುಡುಕಬೇಕು. ಸ್ಪ್ರಿಂಗ್ ಅತಿ ಗಟ್ಟಿಯಾದರೆ ಅದು ಇಳಿಯುವುದಿಲ್ಲ, ಚಕ್ರ ಗಾಳಿಯಲ್ಲಿ ಸುಮ್ಮನೆ ತಿರುಗುತ್ತದೆ. ಹೆಚ್ಚುವರಿ ಪ್ಲೇಟ್ ಹಾಕಿದರೆ ಭಾರ ಹೊರುವ ಶಕ್ತಿ ಹೆಚ್ಚಿತು ಎಂದುಕೊಳ್ಳುವುದೂ ತಪ್ಪು. ಬ್ರೇಕ್, ಆ್ಯಕ್ಸಲ್, ಬೇರಿಂಗ್, ಚಾಸಿಸ್, ಟೈರ್ ಎಲ್ಲ ಹಳೆಯವೇ ಅಲ್ಲವೇ?

ಕಾಯಿಲ್ ಸ್ಪ್ರಿಂಗ್‌ನಲ್ಲಿ ಸಣ್ಣ ಬದಲಾವಣೆಯೂ ದೊಡ್ಡ ಪರಿಣಾಮ ಮಾಡುತ್ತದೆ. ಬಿಗುವು ತಂತಿಯ ದಪ್ಪದ ನಾಲ್ಕನೆಯ ಘಾತದಷ್ಟು ಏರುತ್ತದೆ. ಸುತ್ತಿನ ಅಳತೆ ಮತ್ತು ಸಂಖ್ಯೆ ಹಾಗೇ ಇದ್ದು, ತಂತಿ 12 ಮಿಲಿಮೀಟರ್‌ನಿಂದ 13ಕ್ಕೆ ಹೋದರೆ ಸ್ಪ್ರಿಂಗ್ ಸುಮಾರು ಶೇ. 38ರಷ್ಟು ಗಟ್ಟಿಯಾಗುತ್ತದೆ. ಸ್ಪ್ರಿಂಗ್ ಬದಲಿಸಿ ಶಾಕಪ್ ಹಳೆಯದನ್ನೇ ಬಿಟ್ಟರೆ ಆ ಗಟ್ಟಿ ಸ್ಪ್ರಿಂಗ್‌ನ ಎಗರಾಟವನ್ನು ಹಿಡಿಯಲು ಅದಕ್ಕೆ ಆಗುವುದಿಲ್ಲ. ಹೊಸ ಸ್ಪ್ರಿಂಗ್‌ಗೆ ಹೊಂದುವ ಶಾಕಪ್ ಅನ್ನೂ ಜೊತೆಗೇ ಹಾಕಿಸಬೇಕು.

ಮಿಥ್ಯೆ 4: 'ಗ್ಯಾಸ್ ಶಾಕಪ್‌ನಲ್ಲಿ ಎಣ್ಣೆ ಇರುವುದಿಲ್ಲ'

ಇರುತ್ತದೆ. ಹಿಡಿತ ಕೊಡುವುದು ಅಲ್ಲಿಯೂ ಎಣ್ಣೆಯೇ. ಒತ್ತಡದಲ್ಲಿ ತುಂಬಿದ ನೈಟ್ರೋಜನ್ ಆ ಎಣ್ಣೆಯಲ್ಲಿ ನೊರೆ ಏಳದಂತೆ ತಡೆಯುತ್ತದೆ. ಒಂದೇ ಕೊಳವೆಯ, ಅಂದರೆ ಮೋನೋಟ್ಯೂಬ್ ಮಾದರಿ ಬೇಗ ತಣ್ಣಗಾಗುತ್ತದೆ. ಆದರೆ ಅದರ ಹೊರಮೈಯೇ ಪಿಸ್ಟನ್ ಓಡಾಡುವ ಕೊಳವೆ, ಕಲ್ಲು ತಾಗಿ ನಗ್ಗಿದರೆ ಪಿಸ್ಟನ್ ಸಿಕ್ಕಿಹಾಕಿಕೊಳ್ಳುತ್ತದೆ. ಎರಡು ಕೊಳವೆಯ ಟ್ವಿನ್ ಟ್ಯೂಬ್ ಬೇಗ ಕಾಯುತ್ತದೆ, ಆದರೆ ಹೊರಗಿನ ಸಣ್ಣ ನಗ್ಗನ್ನು ಸಹಿಸುತ್ತದೆ. ನಿಮ್ಮ ದಾರಿ ನಿಧಾನದ ಬಂಡೆ ದಾರಿಯೇ, ಉದ್ದನೆಯ ವೇಗದ ಮಣ್ಣು ದಾರಿಯೇ ಎಂಬುದನ್ನು ನೋಡಿ ಆರಿಸಬೇಕು.

ಮಿಥ್ಯೆ 5: 'ಲಿಫ್ಟ್ ಮಾಡಿಸಿದರೆ ನೆಲದಿಂದ ಎತ್ತರ ಹೆಚ್ಚುತ್ತದೆ'

ಇಲ್ಲಿ ಗೊಂದಲ ಹೆಚ್ಚು. ಗಟ್ಟಿ ಆ್ಯಕ್ಸಲ್ ಇರುವ ವಾಹನದಲ್ಲಿ ಲಿಫ್ಟ್ ಕಿಟ್ ಎತ್ತುವುದು ಬಾಡಿ ಮತ್ತು ಚಾಸಿಸ್ ಅನ್ನು. ಕಲ್ಲಿಗೆ ಮೊದಲು ತಾಗುವ ಡಿಫರೆನ್ಷಿಯಲ್ ಗುಂಡು ಇದ್ದಲ್ಲೇ ಇರುತ್ತದೆ. ಅದನ್ನು ಮೇಲೆತ್ತುವುದು ದೊಡ್ಡ ಟೈರ್ ಮಾತ್ರ. ಅದೂ ಟೈರಿನ ವ್ಯಾಸ 5 ಸೆಂಟಿಮೀಟರ್ ಹೆಚ್ಚಿದರೆ ಸಿಗುವುದು ಎರಡೂವರೆ ಸೆಂಟಿಮೀಟರ್. ಲಿಫ್ಟ್‌ನಿಂದ ಲಾಭವೇ ಇಲ್ಲ ಎಂದಲ್ಲ. ದಿಣ್ಣೆ ಏರುವಾಗ ಬಂಪರ್, ದಿಣ್ಣೆಯ ನೆತ್ತಿಯಲ್ಲಿ ಹೊಟ್ಟೆ ತಾಗುವುದು ಕಡಿಮೆಯಾಗುತ್ತದೆ. ಆದರೆ ಅದಕ್ಕೆ ತೆರುವ ಬೆಲೆಯೂ ಇದೆ.

ಮೊದಲನೆಯದು ಮಗುಚುವ ಅಪಾಯ. ಎಡಬಲ ಚಕ್ರಗಳ ನಡುವಿನ ಅಂತರವನ್ನು ಗುರುತ್ವ ಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸಿದರೆ ಬರುವ ಸಂಖ್ಯೆಯಿಂದ ಈ ಅಪಾಯವನ್ನು ಅಂದಾಜು ಮಾಡುತ್ತಾರೆ. ಸಂಖ್ಯೆ ದೊಡ್ಡದಾದಷ್ಟೂ ಒಳ್ಳೆಯದು. ಅಂತರ 1.5 ಮೀಟರ್, ಗುರುತ್ವ ಕೇಂದ್ರ 70 ಸೆಂಟಿಮೀಟರ್ ಇದ್ದರೆ ಬರುವುದು 1.07. ಗುರುತ್ವ ಕೇಂದ್ರ 5 ಸೆಂಟಿಮೀಟರ್ ಏರಿದರೆ 1.00. ತಲೆಯ ಮೇಲೆ ಕ್ಯಾರಿಯರ್ ಕಟ್ಟಿ ಸಾಮಾನು ಹೇರಿದರೆ ಇನ್ನೂ ಕಡಿಮೆ. ಮೊದಲೇ ಎತ್ತರದ, ಅಗಲ ಕಡಿಮೆಯಿರುವ ವಾಹನಕ್ಕೆ ಇದು ಸಣ್ಣ ಬದಲಾವಣೆಯಲ್ಲ.

ಎರಡನೆಯದು ಬ್ರೇಕ್. ಕೆಲವು ವಾಹನಗಳಲ್ಲಿ ಹಿಂದಿನ ಬ್ರೇಕ್‌ಗೆ ಎಷ್ಟು ಒತ್ತಡ ಹೋಗಬೇಕು ಎಂಬುದನ್ನು ಚಾಸಿಸ್ ಮತ್ತು ಹಿಂದಿನ ಆ್ಯಕ್ಸಲ್ ನಡುವಿನ ಅಂತರ ನೋಡಿ ತೀರ್ಮಾನಿಸುವ ವಾಲ್ವ್ ಒಂದಿರುತ್ತದೆ. ಅಂತರ ಹೆಚ್ಚಿದ್ದರೆ ವಾಹನ ಖಾಲಿ ಇದೆ ಎಂದು ತಿಳಿದು ಅದು ಒತ್ತಡ ತಗ್ಗಿಸುತ್ತದೆ. ಲಿಫ್ಟ್ ಮಾಡಿಸಿ ಈ ವಾಲ್ವನ್ನು ಹೊಂದಿಸದಿದ್ದರೆ, ಜನ ತುಂಬಿದ್ದರೂ ಅದಕ್ಕೆ ವಾಹನ ಖಾಲಿಯಾಗಿಯೇ ಕಾಣಬಹುದು. ಘಾಟಿ ಇಳಿಯುವಾಗ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಿಲ್ಲ.

ಮೂರನೆಯದು ಕೋನಗಳು. ಪ್ಲೇಟ್ ಸ್ಪ್ರಿಂಗ್ ವಾಹನಗಳಿಗೆ ಉದ್ದನೆಯ ಶ್ಯಾಕಲ್ ಹಾಕಿ ಅಗ್ಗದಲ್ಲಿ ಎತ್ತರಿಸುವವರಿದ್ದಾರೆ. ಶ್ಯಾಕಲ್ 5 ಸೆಂಟಿಮೀಟರ್ ಉದ್ದವಾದರೆ ಏರುವುದು ಅದರ ಅರ್ಧದಷ್ಟು. ಜೊತೆಗೆ ಆ್ಯಕ್ಸಲ್ ಸ್ವಲ್ಪ ತಿರುಗಿ ಪ್ರೊಪೆಲ್ಲರ್ ಶಾಫ್ಟ್‌ನ ಜಾಯಿಂಟ್‌ಗಳ ಕೋನ ಬದಲಾಗುತ್ತದೆ, ಮುಂದಿನ ಚಕ್ರಗಳು ನೇರಕ್ಕೆ ಮರಳುವ ಗುಣ ಕೆಡುತ್ತದೆ. ಗಟ್ಟಿ ಆ್ಯಕ್ಸಲ್ ವಾಹನಗಳಲ್ಲಿ ಸ್ಟೀರಿಂಗ್ ಇದ್ದಕ್ಕಿದ್ದಂತೆ ಜೋರಾಗಿ ಅದುರುವುದಕ್ಕೆ ಸವೆದ ಬುಷ್ ಮತ್ತು ಟೈ ರಾಡ್ ಎಂಡ್‌ಗಳ ಜೊತೆ ಇದೂ ಕಾರಣವಾಗಬಹುದು. ಸ್ಟೀರಿಂಗ್ ಡ್ಯಾಂಪರ್ ಹಾಕಿದರೆ ಅದುರು ಮುಚ್ಚಿಹೋಗುತ್ತದೆ, ಕಾರಣ ಉಳಿಯುತ್ತದೆ.

ಹಾಗಾದರೆ ಯಾವ ಕ್ರಮದಲ್ಲಿ ಖರ್ಚು ಮಾಡಬೇಕು?

ಮೊದಲು ಇರುವುದನ್ನು ಕಂಪನಿಯ ಮೂಲ ಅಳತೆಗೆ ತನ್ನಿ. ಬುಷ್, ಬಾಲ್ ಜಾಯಿಂಟ್, ಬೂಟ್, ಬಂಪ್ ಸ್ಟಾಪ್ ಹೊಸದಾದರೆ ಅರ್ಧ ಸದ್ದು ಅಲ್ಲೇ ನಿಲ್ಲುತ್ತದೆ. ಬುಷ್ ಹಾಕಿಸುವಾಗ ಒಂದು ಸಂಗತಿಯನ್ನು ಗಮನಿಸಿ. ಲೋಹಕ್ಕೆ ಅಂಟಿಸಿದ ರಬ್ಬರ್ ಬುಷ್‌ಗಳ ಬೋಲ್ಟನ್ನು ವಾಹನ ಜಾಕ್ ಮೇಲೆ ತೂಗುತ್ತಿರುವಾಗ ಪೂರ್ತಿ ಬಿಗಿ ಮಾಡಬಾರದು. ಚಕ್ರದ ಮೇಲೆ ಭಾರ ಕೂತ ಮೇಲೆ ಕೊನೆಯ ಬಿಗಿ ಕೊಡಬೇಕು. ಇಲ್ಲದಿದ್ದರೆ ವಾಹನ ಸುಮ್ಮನೆ ನಿಂತಿದ್ದಾಗಲೂ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಹೊಸ ಬುಷ್ ಯಾಕೆ ಇಷ್ಟು ಬೇಗ ಹೋಯಿತು ಎಂಬ ಪ್ರಶ್ನೆಗೆ ಎಷ್ಟೋ ಸಲ ಇದೇ ಉತ್ತರ. ಪ್ಲೇಟುಗಳಿಗೆ ಹಳೆಯ ಎಂಜಿನ್ ಆಯಿಲ್ ಬಳಿಯುವುದೂ ಬೇಡ. ಧೂಳು ಮೆತ್ತಿಕೊಳ್ಳುತ್ತದೆ, ಎಣ್ಣೆ ತಾಗಿದ ರಬ್ಬರ್ ಬುಷ್ ಊದಿಕೊಂಡು ಹಾಳಾಗುತ್ತದೆ.

ಎರಡನೆಯದು ಒಳ್ಳೆಯ ಟೈರ್ ಮತ್ತು ಸರಿಯಾದ ಗಾಳಿ. ನಿಧಾನದ ಕಲ್ಲು ದಾರಿಯಲ್ಲಿ ಗಾಳಿ ಸ್ವಲ್ಪ ಇಳಿಸಿದರೆ ಟೈರೇ ಮೆತ್ತನೆಯ ಸ್ಪ್ರಿಂಗ್ ಆಗುತ್ತದೆ. ಇದಕ್ಕೆ ಖರ್ಚಿಲ್ಲ. ಡಾಂಬರು ರಸ್ತೆಗೆ ಮರಳುವ ಮೊದಲು ತುಂಬಿಸಲೇಬೇಕು, ಹಾಗಾಗಿ ಸಣ್ಣ ಪಂಪ್ ಜೊತೆಗಿರಲಿ. ಮೂರನೆಯದು, ಭಾರಕ್ಕೆ ಹೊಂದುವ ಒಳ್ಳೆಯ ಶಾಕ್ ಅಬ್ಸಾರ್ಬರ್. ಒಂದೇ ಆ್ಯಕ್ಸಲ್‌ನ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಸ್ಪ್ರಿಂಗ್ ಬದಲಾವಣೆ ಬರುವುದು ಆಮೇಲೆ, ಅದೂ ವಿಂಚ್, ಕಬ್ಬಿಣದ ಬಂಪರ್‌ನಂತಹ ಭಾರ ಕಾಯಂ ಆಗಿ ಸೇರಿದ್ದರೆ. ಏನೇ ಮಾಡಿಸಿದರೂ ಕೊನೆಗೆ ವ್ಹೀಲ್ ಅಲೈನ್‌ಮೆಂಟ್ ಮಾಡಿಸಿ. ಪ್ಲೇಟ್ ಬಿಚ್ಚಿ ಹಾಕಿದ್ದರೆ ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಯು ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಿ.

ಕಾನೂನು ಏನು ಹೇಳುತ್ತದೆ?

ಕೆಟ್ಟ ಭಾಗದ ಜಾಗಕ್ಕೆ ಅದೇ ಅಳತೆಯ ಹೊಸ ಭಾಗ ಹಾಕುವುದು ದುರಸ್ತಿ. ವಾಹನದ ಮೂಲ ವಿವರಣೆಯನ್ನೇ ಬದಲಿಸುವುದು ಮಾರ್ಪಾಡು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ತಯಾರಕರು ನೀಡಿದ ಮೂಲ ವಿವರಣೆಗೆ ವಿರುದ್ಧವಾಗಿ ವಾಹನ ಬದಲಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು ಅಥವಾ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿತು. ವಿಮಾ ಕಂಪನಿಗೆ ತಿಳಿಸದ ಬದಲಾವಣೆ ಅಪಘಾತದ ಪರಿಹಾರ ಕೇಳುವಾಗ ತಕರಾರಿಗೆ ದಾರಿಯಾಗಬಹುದು. ಅಂಗಡಿಯಲ್ಲಿ ಕಿಟ್ ಮಾರಾಟಕ್ಕಿದೆ ಎಂದ ಮಾತ್ರಕ್ಕೆ ಅದನ್ನು ಹಾಕಿಸಲು ಅನುಮತಿ ಇದೆ ಎಂದಲ್ಲ. ಎತ್ತರ, ಟೈರ್ ಅಳತೆ ಬದಲಿಸುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು.

ಒಟ್ಟಿನಲ್ಲಿ

ಪೆಟ್ಟಿನ ಶಕ್ತಿ ವೇಗದ ವರ್ಗದಷ್ಟು ಏರುತ್ತದೆ. ಅದೇ ಕಲ್ಲನ್ನು ಅರ್ಧ ವೇಗದಲ್ಲಿ ದಾಟಿದರೆ ಪೆಟ್ಟು ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಯಾವ ದುಬಾರಿ ಕಿಟ್‌ಗಿಂತಲೂ ಮೊದಲು ಬರುವುದು ಆ್ಯಕ್ಸಲರೇಟರ್ ಮೇಲಿನ ಪಾದ. ಅದರ ಬಳಿಕ ತೊಳೆದು ನೋಡುವ ಅಭ್ಯಾಸ, ಸವೆದದ್ದನ್ನು ಸಮಯಕ್ಕೆ ಬದಲಿಸುವ ಶಿಸ್ತು. ಅಪ್‌ಗ್ರೇಡ್ ತಪ್ಪಲ್ಲ. ಆದರೆ ಒಂದನ್ನು ಬದಲಿಸಿದಾಗ ಬ್ರೇಕ್, ಸ್ಟೀರಿಂಗ್, ಸಮತೋಲನ ಮೂರೂ ಜೊತೆಗೆ ಬದಲಾಗುತ್ತವೆ. ಗ್ಯಾರೇಜಿನಲ್ಲಿ 'ಎಷ್ಟು ಇಂಚು ಏರುತ್ತದೆ?' ಎಂದು ಕೇಳುವ ಮುನ್ನ 'ಇದರಿಂದ ಬ್ರೇಕ್‌ಗೆ ಏನಾಗುತ್ತದೆ?' ಎಂದು ಕೇಳಿ. ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಡುವ ಮೆಕ್ಯಾನಿಕ್ ಸಿಕ್ಕರೆ ನಿಮ್ಮ ವಾಹನವನ್ನು ಅವರ ಕೈಗೆ ಒಪ್ಪಿಸಬಹುದು.